ಗೆಳೆತನಕ್ಕೆ ಗುಂಪಿನ ಅಪ್ಪಣೆ ಬೇಕೇ?

ಹದಿಹರೆಯದಲ್ಲಿ ನಿಷ್ಠೆ ಬಲು ದೊಡ್ಡ ಮಾತು. ಅಪ್ಪ-ಅಮ್ಮನ ಮಾತನ್ನು ಮೀರುವ ಹುಡುಗ ತನ್ನ ಗುಂಪಿನ ಮಾತನ್ನು ಮೀರಲಾರ. 'ನಮ್ಮವರು' ಯಾರೆಂಬುದನ್ನು ಆ ಗುಂಪು ಮೊದಲೇ ತೀರ್ಮಾನಿಸಿಬಿಟ್ಟಿದ್ದರೆ ಹೊಸಬನೊಬ್ಬನ ಗೆಳೆತನಕ್ಕೆ ಅಲ್ಲಿ ಜಾಗವೆಲ್ಲಿ? 2023ರಲ್ಲಿ ತೆರೆಕಂಡ, ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಾಫಾ' ಚಿತ್ರ ಈ ಪ್ರಶ್ನೆಯನ್ನು ನಗಿಸುತ್ತಲೇ ಕೇಳುತ್ತದೆ. ಮಂಗಳೂರಿಗನಾದ ನನಗೆ ಆ ನಗು ಅಷ್ಟು ಹಗುರವೆನಿಸಲಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿರುವ ಕಥೆಯೇ ಚಿತ್ರಕ್ಕೆ ಮೂಲ. ಇದಕ್ಕೆ ಹಣ ಹೂಡಿದವರು ತೇಜಸ್ವಿಯವರ ಸುಮಾರು ನೂರು ಮಂದಿ ಅಭಿಮಾನಿಗಳು. ಹಿಂದೂ ವಿದ್ಯಾರ್ಥಿಗಳೇ ತುಂಬಿರುವ ಕಾಲೇಜಿಗೆ ಮುಸ್ತಾಫಾ ಬಂದು ಸೇರುತ್ತಾನೆ. ರಾಮಾನುಜ ಅಯ್ಯಂಗಾರಿ ಮತ್ತು ಸಂಗಡಿಗರಿಗೆ ಅವನು ತಿಳಿಯದವನು. ಆದರೆ ಅವನಂಥವರ ಬಗ್ಗೆ ಎಲ್ಲವೂ ತಿಳಿದಿದೆಯೆಂಬ ಭ್ರಮೆ ಅವರಿಗಿದೆ. ಆ ಭ್ರಮೆಯನ್ನು ಕಳೆಯುವುದು ಉಪದೇಶವಲ್ಲ. ಜಗಳ, ಕೀಟಲೆ, ಆಟದ ಮೈದಾನ. ಜಗಳವಾಡುವುದಕ್ಕೂ ಹತ್ತಿರ ಬರಬೇಕಷ್ಟೆ.

ನಮ್ಮ ನಗರದಲ್ಲಿ ಕಷ್ಟವಾಗಿರುವುದು ಈ ಹತ್ತಿರ ಬರುವಿಕೆಯೇ. 2009ರ ಪಬ್ ದಾಳಿಯಿಂದೀಚೆಗೆ 'ನೈತಿಕ ಪೊಲೀಸ್‌ಗಿರಿ' ಎಂಬ ಪದ ಮಂಗಳೂರಿಗೆ ಅಂಟಿಕೊಂಡಿದೆ. ಬಸ್ಸಿನಲ್ಲಿ ಒಟ್ಟಿಗೆ ಕುಳಿತರೆಂದೋ, ಕಡಲತೀರಕ್ಕೆ ಜೊತೆಯಾಗಿ ಹೋದರೆಂದೋ ಭಿನ್ನ ಧರ್ಮದ ವಿದ್ಯಾರ್ಥಿಗಳನ್ನು ತಡೆದು ಹೆಸರು ಕೇಳಿ ಥಳಿಸಿದ ಪ್ರಕರಣಗಳು ಒಂದೆರಡಲ್ಲ. ಕೋಮುಹಿಂಸೆಯನ್ನು ಹತ್ತಿಕ್ಕಲು ಸರಕಾರ 2025ರಲ್ಲಿ ಇಲ್ಲಿ ವಿಶೇಷ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಹೊಡೆಯುವವರನ್ನು ಪೊಲೀಸರು ಬಂಧಿಸಬಹುದು. ಆದರೆ ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳುವ ಧೈರ್ಯವನ್ನು ಯಾವ ಪಡೆಯೂ ಹುಡುಗರಿಗೆ ಕೊಡಲಾರದು.

ಆ ಧೈರ್ಯ ಮನೆಯಲ್ಲಿ ಹುಟ್ಟಬೇಕು. ಬೀದಿಯ ಪುಂಡರನ್ನು ಖಂಡಿಸುವ ನಾವು, ವಿದ್ಯಾವಂತರು, ಮಕ್ಕಳು ಹೊಸ ಗೆಳೆಯನ ಹೆಸರು ಹೇಳಿದೊಡನೆ ಕೇಳುವ ಮೊದಲ ಪ್ರಶ್ನೆ ಯಾವುದು? 'ಯಾರ ಪೈಕಿ?' ಎಂದಲ್ಲವೇ? ಕೇಳುವ ದನಿ ಬೇರೆ ಇರಬಹುದು, ಬಸ್ಸನ್ನು ತಡೆದವನು ಕೇಳಿದ್ದೂ ಅದನ್ನೇ. ಈಗಿನ ಕಾಲ ಕೆಟ್ಟದ್ದು, ಮಕ್ಕಳ ಕ್ಷೇಮಕ್ಕಾಗಿ ಎಚ್ಚರಿಕೆ ಬೇಡವೇ ಎಂಬ ಹೆತ್ತವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಹವಾಸದ ಒಳಿತು ಕೆಡುಕನ್ನು ಅಳೆಯಬೇಕಾದುದು ನಡತೆಯಿಂದ, ಕುಲನಾಮದಿಂದಲ್ಲ.

ಈ ಚಿತ್ರವನ್ನು ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ತೋರಿಸಬೇಕೆಂದು ನನ್ನ ಆಸೆ. ಪ್ರದರ್ಶನದ ಬಳಿಕ ಅತಿಥಿಗಳ ಭಾಷಣ ಬೇಡ. ಮಕ್ಕಳೇ ಮಾತನಾಡಲಿ, ಬೇಕಿದ್ದರೆ ಜಗಳವಾಡಲಿ. ತನ್ನ ಗುಂಪು ತಪ್ಪು ಮಾಡಿದಾಗ ಅದಕ್ಕೆ 'ಇದು ಸರಿಯಲ್ಲ' ಎಂದು ಹೇಳಬಲ್ಲವನೇ ನಿಜವಾದ ನಿಷ್ಠಾವಂತ ಎಂಬುದು ಆ ಮಾತುಗಳ ನಡುವೆ ಒಬ್ಬ ಹುಡುಗನಿಗೆ ಹೊಳೆದರೂ ಪ್ರದರ್ಶನ ಸಾರ್ಥಕ.