ಭದ್ರಾವತಿಯ ದಿವಾನರೂ ದಿಲ್ಲಿಯ ಪ್ರಧಾನಿಯೂ

ಲೋಕಸಭಾ ಚುನಾವಣೆಯ ದಿನ ಭದ್ರಾವತಿಯ ಮತಗಟ್ಟೆಯಲ್ಲಿಟ್ಟ ಯಂತ್ರದ ಮೇಲೆ ಪ್ರಧಾನಿ ಹುದ್ದೆಗೆಂದು ಪ್ರತ್ಯೇಕ ಗುಂಡಿ ಇರುವುದಿಲ್ಲ. ಇರುವುದು ಶಿವಮೊಗ್ಗ ಕ್ಷೇತ್ರದ ಅಭ್ಯರ್ಥಿಗಳ ಹೆಸರು, ಫೋಟೊ, ಚಿಹ್ನೆ, ಕಟ್ಟಕಡೆಗೆ ನೋಟಾ. ಪ್ರಚಾರವೆಲ್ಲ ಪ್ರಧಾನಿಯ ಹೆಸರಿನಲ್ಲೇ ನಡೆದಿದ್ದರೂ, ಘಟ್ಟದ ಕೆಳಗಿನ ಬೈಂದೂರೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳ ಮತದಾರರು ಆರಿಸುವುದು ಒಬ್ಬ ಸಂಸದರನ್ನು ಮಾತ್ರ. ಲೋಕಸಭೆಯ 543 ಸ್ಥಾನಗಳಲ್ಲಿ ಕನಿಷ್ಠ 272 ಯಾರ ಬೆನ್ನಿಗಿದೆಯೋ ಅವರನ್ನು ರಾಷ್ಟ್ರಪತಿ ಪ್ರಧಾನಿಯಾಗಿ ನೇಮಿಸುತ್ತಾರೆ.

ಭದ್ರಾವತಿಗೆ ಇದಕ್ಕಿಂತ ಬೇರೆ ಬಗೆಯ ಆಡಳಿತದ ನೆನಪೂ ಇದೆ. ಊರಿನ ಉಕ್ಕಿನ ಕಾರ್ಖಾನೆ ಹೊತ್ತಿರುವುದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಮಹಾರಾಜರು ನೇಮಿಸಿದವರು, ಉತ್ತರ ಹೇಳಬೇಕಾದದ್ದೂ ಮಹಾರಾಜರಿಗೇ. 1881ರಷ್ಟು ಹಿಂದೆಯೇ ಹುಟ್ಟಿದ ಪ್ರಜಾಪ್ರತಿನಿಧಿ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತು. ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ದಿವಾನರಿಗೂ ಪ್ರಧಾನಿಗೂ ಇರುವ ಮುಖ್ಯ ಅಂತರ ಇದೇ.

ಗಣರಾಜ್ಯದಲ್ಲಿ ಸಿಂಹಾಸನದ ಜಾಗಕ್ಕೆ ಚುನಾಯಿತ ರಾಷ್ಟ್ರಪತಿ ಬರುತ್ತಾರೆ. ಆಡಳಿತವೆಲ್ಲ ಅವರ ಹೆಸರಿನಲ್ಲೇ ನಡೆಯುತ್ತದೆ, ಆದರೆ ಸಂವಿಧಾನದ 74ನೇ ವಿಧಿಯಂತೆ ಅವರು ಪ್ರಧಾನಿ ನೇತೃತ್ವದ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಒಪ್ಪಿಗೆಯಾಗದಿದ್ದರೆ ಮರುಪರಿಶೀಲಿಸಿ ಎಂದು ಒಮ್ಮೆ ವಾಪಸು ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು.

ಪ್ರಧಾನಿಯ ನಿಜವಾದ ಬಲವಿರುವುದು ಸಂಪುಟದಲ್ಲಿ. ಯಾರು ಮಂತ್ರಿ, ಯಾರಿಗೆ ಯಾವ ಖಾತೆ, ಯಾರು ಮನೆಗೆ ಎಂಬುದು ಅವರ ಮಾತಿನಂತೆ. ಲೋಕಸಭೆಯ ಒಟ್ಟು ಬಲದ ಶೇ 15ಕ್ಕಿಂತ ಹೆಚ್ಚು ಮಂತ್ರಿಗಳಿರಬಾರದೆಂಬ ಮಿತಿ 2003ರ ತಿದ್ದುಪಡಿಯಿಂದ ಬಂತು. ಸಂಪುಟದ ಮೇಜಿನ ಮೇಲಾಗುವ ತೀರ್ಮಾನ ಎಷ್ಟು ದೂರ ಮುಟ್ಟುತ್ತದೆಂಬುದು ಭದ್ರಾವತಿಯ ಕಾರ್ಮಿಕರಿಗೆ ಚೆನ್ನಾಗಿ ಗೊತ್ತು. ಕಾರ್ಖಾನೆ 1989ರಲ್ಲಿ ರಾಜ್ಯದ ಕೈಯಿಂದ ಕೇಂದ್ರದ ಉಕ್ಕು ಕಂಪನಿ ಸೈಲ್‌ಗೆ ಹೋಯಿತು. 2016ರಲ್ಲಿ ಅದನ್ನು ಖಾಸಗಿಯವರಿಗೆ ಮಾರಲು ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಮಾರಾಟ ಕೈಬಿಟ್ಟಿತು, ಮರುವರ್ಷದ ಆರಂಭದಲ್ಲೇ ಮುಚ್ಚುವ ಮಾತು ಬಂತು. ಅದೇ ವರ್ಷದ ಫೆಬ್ರುವರಿ 27ರಂದು ಪ್ರಧಾನಿ ಶಿವಮೊಗ್ಗಕ್ಕೆ ಬಂದು ವಿಮಾನ ನಿಲ್ದಾಣ ಉದ್ಘಾಟಿಸಿದರು. ಜನ ಎರಡನ್ನೂ ಪ್ರಧಾನಿಯ ಲೆಕ್ಕಕ್ಕೇ ಬರೆಯುತ್ತಾರೆ, ಅದು ತಪ್ಪೂ ಅಲ್ಲ: ಸಂಪುಟದ ತೀರ್ಮಾನಕ್ಕೆ ಮಂತ್ರಿಗಳೆಲ್ಲ ಸಾಮೂಹಿಕ ಹೊಣೆ, ಅವರ ಮುಂದಾಳು ಪ್ರಧಾನಿ.

ಆ ಹೊಣೆ ಲೋಕಸಭೆಗೆ: ಅದರ ವಿಶ್ವಾಸ ಹೋದರೆ ಪ್ರಧಾನಿ ಇಳಿಯಬೇಕು. ರಾಜ್ಯದಲ್ಲಿ ಇದೇ ಲೆಕ್ಕ ಮುಖ್ಯಮಂತ್ರಿಗೂ ವಿಧಾನಸಭೆಗೂ ಸಲ್ಲುತ್ತದೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ 2018ರ ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ, ಬಹುಮತ ಕೂಡದೆ 19ರಂದೇ ರಾಜೀನಾಮೆ ಕೊಟ್ಟರು.

ದಿಲ್ಲಿಯಲ್ಲಿ ಇದರ ಬಿಸಿ ತಟ್ಟಿದ ಕನ್ನಡಿಗ ಎಚ್.ಡಿ. ದೇವೇಗೌಡರು. 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳೊಳಗೆ ಸದಸ್ಯರಾದರೆ ಸಾಕೆನ್ನುತ್ತದೆ ಸಂವಿಧಾನ. ಅವರು ರಾಜ್ಯಸಭೆಗೆ ಆರಿಸಿಬಂದರು. ವಿಧಾನಸೌಧದಲ್ಲಿ ಅವರು ಬಿಟ್ಟ ಮುಖ್ಯಮಂತ್ರಿ ಜಾಗಕ್ಕೆ ಬಂದವರು ಜೆ.ಎಚ್. ಪಟೇಲ್, 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದವರು. ಗೌಡರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಹತ್ತೇ ತಿಂಗಳಲ್ಲಿ ಕೈ ಎತ್ತಿತು. 1997ರ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಗೌಡರು ಸೋತರು.