ಕೊರಳ ಗಂಟೆಲ್ಲ ಕ್ಯಾನ್ಸರಲ್ಲ

ಕೊರಳಲ್ಲೋ ಕಂಕುಳಲ್ಲೋ ಗಂಟು ಕೈಗೆ ಸಿಕ್ಕಿತೆಂದರೆ ಮನೆಮಂದಿಗೆಲ್ಲ ಕ್ಯಾನ್ಸರಿನದೇ ದಿಗಿಲು. ನಮ್ಮಲ್ಲಿ ಇಂಥ ಗಂಟು ಹೆಚ್ಚಾಗಿ ಸೋಂಕಿನಿಂದ, ಕ್ಷಯದಿಂದ ಬರುವಂಥದು. ಅಪರೂಪಕ್ಕೆ ಇನ್ನೊಂದಿದೆ: ದುಗ್ಧಗ್ರಂಥಿಯ ಹೆಮಾಂಜಿಯೋಮಾ. ಗ್ರಂಥಿಯೊಳಗೆ ಸಣ್ಣ ರಕ್ತನಾಳಗಳು ಗೊಂಚಲುಗಟ್ಟಿ ಬೆಳೆಯುತ್ತವೆ. ಚರ್ಮದಲ್ಲಿ, ಯಕೃತ್ತಿನಲ್ಲಿ ಇದು ಸಾಮಾನ್ಯ; ಗ್ರಂಥಿಯಲ್ಲಿ ತೀರಾ ವಿರಳ. ಕ್ಯಾನ್ಸರಿನ ಹಾಗೆ ಮೈಯೆಲ್ಲ ಹರಡುವುದಿಲ್ಲ.

ಆದರೆ ಮುಟ್ಟಿ ನೋಡಿ ಇಂಥದೇ ಎನ್ನಲು ಯಾರಿಂದಲೂ ಆಗದು. ಸೂಜಿ ಹಾಕಿದರೆ ಬರೀ ರಕ್ತ ಬಂದೀತು. ರಕ್ತನಾಳದ ಕ್ಯಾನ್ಸರೂ ಉಂಟಲ್ಲ! ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಿದರೆ ಸೂಕ್ಷ್ಮದರ್ಶಕದಲ್ಲಿ ನಿಜ ತಿಳಿಯುತ್ತದೆ. ಹೆಮಾಂಜಿಯೋಮಾ ಎಂದು ಖಚಿತವಾದರೆ ಸಾಮಾನ್ಯವಾಗಿ ಗಂಟು ತೆಗೆದದ್ದೇ ಚಿಕಿತ್ಸೆ, ಕೀಮೋಥೆರಪಿ ಬೇಕಿಲ್ಲ.

ಎರಡು ವಾರವಾದರೂ ಕರಗದ ಗಂಟಿಗೆ ಬರೆ ಹಾಕಿಸಿ ಕೂರಬೇಡಿ. ಗಡಿಯ ಆಚೆಯೋ ಈಚೆಯೋ, ಹತ್ತಿರದ ಆಸ್ಪತ್ರೆಗೆ ತೋರಿಸಿ. ಬಯಾಪ್ಸಿ ರಿಪೋರ್ಟನ್ನು ಜೋಪಾನವಾಗಿಡಿ.