ಮೈದಾನದ ಚಪ್ಪಾಳೆ, ಮತಪೆಟ್ಟಿಗೆಯ ಲೆಕ್ಕ

ಆಟದಲ್ಲಿ ಹೆಸರು ಗಳಿಸಿದವರು ಚುನಾವಣೆಗೆ ನಿಂತರೆ ಗೆಲುವು ಸುಲಭ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ತೋಟದಲ್ಲಿ ನಾವು ಕಾಣುವ ಸಂಗತಿಯೇ ಬೇರೆ. ಹಿಂಗಾರ ಬಿಟ್ಟದ್ದೆಲ್ಲ ಅಡಿಕೆಯಾಗುವುದಿಲ್ಲ. ರಾಜಕೀಯದಲ್ಲಿಯೂ ಹಾಗೆಯೇ ಎಂಬುದಕ್ಕೆ ಸಿಕ್ಕಿಮಿನ ಬೈಚುಂಗ್ ಭುಟಿಯಾ ಅವರ ಕಥೆ ಒಳ್ಳೆಯ ನಿದರ್ಶನ.

ಸಿಕ್ಕಿಂ ನಮ್ಮ ಮಲೆನಾಡಿನಂತೆಯೇ ಗುಡ್ಡಗಾಡು ನಾಡು. ಅಲ್ಲಿನ ಸಣ್ಣ ಹಿಡುವಳಿದಾರರು ಮರಗಳ ನೆರಳಿನಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ. ಅಲ್ಲಿನ ತಿಂಕಿತಾಮ್ ಎಂಬ ಹಳ್ಳಿಯಲ್ಲಿ 1976ರಲ್ಲಿ ರೈತ ಕುಟುಂಬವೊಂದರಲ್ಲಿ ಬೈಚುಂಗ್ ಹುಟ್ಟಿದರು. 1993ರಲ್ಲಿ, ಹದಿನಾರರ ಹರೆಯದಲ್ಲಿಯೇ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಆಟಗಾರರಾದರು. 1997ರ ಜುಲೈಯಲ್ಲಿ ಸಾಲ್ಟ್ ಲೇಕ್ ಮೈದಾನದಲ್ಲಿ ನಡೆದ ಫೆಡರೇಷನ್ ಕಪ್ ಸೆಮಿಫೈನಲಿನಲ್ಲಿ, ಒಂದು ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರ ಎದುರು, ಮೋಹನ್ ಬಾಗಾನ್ ವಿರುದ್ಧ ಅವರೊಬ್ಬರೇ ಮೂರು ಗೋಲು ಹೊಡೆದರು. 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಸೇರಿದರು. ಭಾರತ ತಂಡದ ನಾಯಕರಾದರು. 2008ರಲ್ಲಿ ಪದ್ಮಶ್ರೀ ಪುರಸ್ಕಾರ ಬಂತು. ಅದೇ ವರ್ಷ ಟಿಬೆಟ್ಟಿನ ಜನರಿಗೆ ಬೆಂಬಲವಾಗಿ, ಒಲಿಂಪಿಕ್ ಜ್ಯೋತಿ ಹಿಡಿದು ಓಡಲು ಒಲ್ಲೆನೆಂದರು. ಲಾಭ ನಷ್ಟದ ಲೆಕ್ಕ ಹಾಕದೆ ನುಡಿಯುವ ಮನುಷ್ಯ ಎಂಬ ಹೆಸರು ಆಗಲೇ ಬಂದಿತ್ತು.

2011ರಲ್ಲಿ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದ ಬೈಚುಂಗ್ 2014ರಲ್ಲಿ ತೃಣಮೂಲ ಕಾಂಗ್ರೆಸ್ಸಿನಿಂದ ಡಾರ್ಜಿಲಿಂಗ್ ಲೋಕಸಭಾ ಕ್ಷೇತ್ರಕ್ಕೆ ನಿಂತರು, ಸೋತರು. 2016ರಲ್ಲಿ ಸಿಲಿಗುರಿ ವಿಧಾನಸಭಾ ಕ್ಷೇತ್ರದಲ್ಲಿಯೂ ಸೋತರು. 2018ರಲ್ಲಿ ಆ ಪಕ್ಷ ಬಿಟ್ಟು ತವರಿಗೆ ಮರಳಿ, ಮೇ ತಿಂಗಳ ಕೊನೆಯಲ್ಲಿ ‘ಹಮ್ರೋ ಸಿಕ್ಕಿಂ’, ಅಂದರೆ ‘ನಮ್ಮ ಸಿಕ್ಕಿಂ’, ಎಂಬ ಪಕ್ಷ ಕಟ್ಟಿದರು. ಭ್ರಷ್ಟಾಚಾರ ಮತ್ತು ಯುವಕರ ನಿರುದ್ಯೋಗವನ್ನು ಎತ್ತಿ ಹೇಳಿದರು. ಆಗ ಪವನ್ ಚಾಮ್ಲಿಂಗ್ ಅವರ ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್ 1994ರಿಂದ ಎಡೆಬಿಡದೆ ಅಧಿಕಾರದಲ್ಲಿತ್ತು. ಬದಲಾವಣೆ ಬೇಕೆಂಬ ಮಾತು ರಾಜ್ಯದಲ್ಲಿ ಇದ್ದೇ ಇತ್ತು.

2019ರ ಏಪ್ರಿಲಿನಲ್ಲಿ ಚುನಾವಣೆ ನಡೆಯಿತು. ಬದಲಾವಣೆಯೂ ಆಯಿತು. ಆದರೆ ಅದರ ಫಲ ಹೋದದ್ದು 2013ರಿಂದಲೇ ಪಕ್ಷ ಕಟ್ಟುತ್ತ ಬಂದಿದ್ದ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾಕ್ಕೆ. ಬೈಚುಂಗ್ ನಿಂತ ಎರಡು ಕ್ಷೇತ್ರಗಳಲ್ಲಿಯೂ ಸೋತರು. ಅವರ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಅದೇ ಅಕ್ಟೋಬರಿನ ಗ್ಯಾಂಗ್ಟಾಕ್ ಉಪಚುನಾವಣೆಯಲ್ಲಿಯೂ ಸೋಲೇ ಆಯಿತು. ಅಡಿಕೆ ಸಸಿ ನೆಟ್ಟು ಫಸಲಿಗೆ ನಾವು ಐದಾರು ವರ್ಷ ಕಾಯುತ್ತೇವೆ. ಹತ್ತು ತಿಂಗಳಿಗೇ ಗೊನೆ ಕೊಯ್ಯಲು ಹೊರಟರೆ ಏನಾದೀತು?

ಇನ್ನೊಂದು ಕಾರಣವನ್ನೂ ಗಮನಿಸಬೇಕು. ಸಿಕ್ಕಿಂ ವಿಧಾನಸಭೆಯಲ್ಲಿ ಇರುವುದು 32 ಸ್ಥಾನ. 2024ರ ಲೆಕ್ಕದಲ್ಲಿ ಕ್ಷೇತ್ರಕ್ಕೆ ಸರಾಸರಿ 15 ಸಾವಿರದಷ್ಟು ಮತದಾರರು. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಮತದಾರನಿಗೆ ಅಭ್ಯರ್ಥಿಯ ಚಿತ್ರಕ್ಕಿಂತ ಅವನ ಓಡಾಟ ಮುಖ್ಯ. ರಸ್ತೆ ಕುಸಿದಾಗ ಬಂದವರು ಯಾರು, ಆಸ್ಪತ್ರೆಗೆ ಗಾಡಿ ಮಾಡಿಕೊಟ್ಟವರು ಯಾರು ಎಂದು ಇಂತಹ ಊರುಗಳಲ್ಲಿ ಜನ ಕೇಳುವುದು ಸಹಜ.

2023ರ ನವೆಂಬರಿನಲ್ಲಿ ಬೈಚುಂಗ್ ತಮ್ಮ ಪಕ್ಷವನ್ನು ಚಾಮ್ಲಿಂಗ್ ಅವರ ಪಕ್ಷದಲ್ಲಿಯೇ ವಿಲೀನಗೊಳಿಸಿದರು. ಯಾರ ಆಡಳಿತದ ಎದುರು ಪಕ್ಷ ಕಟ್ಟಿದ್ದರೋ ಅವರೊಡನೆಯೇ ಸೇರಿದ್ದನ್ನು ಮತದಾರರಿಗೆ ವಿವರಿಸುವುದು ಕಷ್ಟದ ಕೆಲಸ. 2024ರಲ್ಲಿ ಬರ್ಫುಂಗ್ ಕ್ಷೇತ್ರದಲ್ಲಿ 4,346 ಮತಗಳಿಂದ ಸೋತರು. ಕ್ರಾಂತಿಕಾರಿ ಮೋರ್ಚಾ 31 ಸ್ಥಾನ ಗೆದ್ದಿತು. ಹತ್ತು ವರ್ಷಗಳಲ್ಲಿ ಇದು ಆರನೆಯ ಸೋಲು. ಆ ಜೂನಿನಲ್ಲಿ, ಚುನಾವಣಾ ರಾಜಕೀಯ ತನಗೆ ಒಗ್ಗುವುದಿಲ್ಲವೆಂದು ಹೇಳಿ, ಗೆದ್ದವರನ್ನು ಅಭಿನಂದಿಸಿ, ಬೈಚುಂಗ್ ಹಿಂದೆ ಸರಿದರು.

ಹಾಗಾದರೆ ಆಟಗಾರರು ಗೆಲ್ಲುವುದೇ ಇಲ್ಲವೇ? ಗೆಲ್ಲುತ್ತಾರೆ. ಭಾರತ ತಂಡಕ್ಕೆ ಆಡಿದ ಪ್ರಸೂನ್ ಬ್ಯಾನರ್ಜಿ ಹೌರಾ ಲೋಕಸಭಾ ಕ್ಷೇತ್ರವನ್ನು 2013ರ ಉಪಚುನಾವಣೆಯಲ್ಲಿ ಗೆದ್ದು, 2014, 2019 ಮತ್ತು 2024ರಲ್ಲಿಯೂ ಉಳಿಸಿಕೊಂಡರು. ಅವರ ಬೆನ್ನಿಗೆ ಆ ಊರಿನಲ್ಲಿ ಬೇರೂರಿದ ಪಕ್ಷವಿತ್ತು. ಅದೇ ಪಕ್ಷದ ಚಿಹ್ನೆ ಬೈಚುಂಗರನ್ನು ಡಾರ್ಜಿಲಿಂಗಿನಲ್ಲಿ ದಡ ಸೇರಿಸಲಿಲ್ಲ. ಹೆಸರು ಗೊಬ್ಬರವಿದ್ದಂತೆ, ಬೇರು ಹಿಡಿದ ಗಿಡಕ್ಕೆ ಅದು ಬಲ ಕೊಡುತ್ತದೆ, ಬೇರಿಲ್ಲದಲ್ಲಿ ಮಳೆಗೆ ತೊಳೆದುಹೋಗುತ್ತದೆ.

ಸದಸ್ಯ ಬಾಂಧವರು ಯೋಚಿಸಬೇಕಾದ ಮಾತು ಇದರಲ್ಲಿದೆ. ನಮ್ಮ ಸಹಕಾರ ಸಂಘಗಳ ಆಡಳಿತ ಮಂಡಳಿಗೂ 5 ವರ್ಷಕ್ಕೊಮ್ಮೆ ಚುನಾವಣೆ ಬರುತ್ತದೆ. ಹೆಸರಾಂತ ಮನೆತನ, ದೊಡ್ಡ ತೋಟ, ಸಭೆಯಲ್ಲಿ ಒಳ್ಳೆಯ ಮಾತು, ಇವನ್ನು ನೋಡಿ ಮತ ಹಾಕುವ ವಾಡಿಕೆ ಇಲ್ಲದಿಲ್ಲ. ಕೊಳೆರೋಗದ ವರ್ಷ ಮೈಲುತುತ್ತಿನ ದಾಸ್ತಾನು ವೇಳೆಗೆ ತರಿಸಿದವರು ಯಾರು, ಧಾರಣೆ ಕುಸಿದಾಗ ಸಂಘದ ಕಚೇರಿಗೆ ಬಂದು ಕುಳಿತವರು ಯಾರು ಎಂದು ಸಿಕ್ಕಿಮಿನ ಮತದಾರನಂತೆ ನಾವೂ ಕೇಳೋಣ. ಹಾಗೆಯೇ, ಕೆಲಸ ಮಾಡಬಲ್ಲ ಯುವಕರು ಚುನಾವಣೆಯ ವರ್ಷಕ್ಕೆ ಕಾಯದೆ ಇಂದಿನಿಂದಲೇ ಮಹಾಸಭೆಗೆ ಬಂದು, ಲೆಕ್ಕಪತ್ರ ಓದಿ, ನೆರೆಹೊರೆಯವರ ಕಷ್ಟಸುಖ ವಿಚಾರಿಸುತ್ತ ಬರಲಿ. ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಯಬೇಕೆಂಬುದು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.